ಕಾದ ಮೇಲೂ ಕಾಯುವ ಕಲ್ಲು



ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೋಗುವಾಗ ಚಿಕ್ಕಜಾಲ ಸಿಗುತ್ತದೆ. ಅಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಒಂದು ಹಳೆಯ ಕಲ್ಲುಕೋಟೆ ಇದೆ. ಆ ಕಡೆ ಹೋದವರು ಕೋಟೆಗೋಡೆಯ ಕಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಅಥವಾ ನಸುಗೆಂಪು ಕಾಳುಗಳು, ಪಾರದರ್ಶಕ ಬೂದು ಕಾಳುಗಳು, ನಡುನಡುವೆ ಮಿನುಗುವ ಕಪ್ಪು ಚೂರುಗಳು ಕಾಣುತ್ತವೆ. ಮೊದಲನೆಯದು ಫೆಲ್ಡ್‌ಸ್ಪಾರ್, ಎರಡನೆಯದು ಬೆಣಚು, ಮೂರನೆಯದು ಕಾಗೆಬಂಗಾರ, ಅಂದರೆ ಮೈಕಾ. ಬೆಂಗಳೂರು ಸೀಮೆಯ ಬಂಡೆಗಳಲ್ಲಿ ಬಹುಪಾಲು ಈ ಮೂರೇ ಖನಿಜಗಳು ಸೇರಿ ಆದವು. ವಿದ್ಯುತ್ತನ್ನು ತಡೆದು ನಿಲ್ಲಿಸುವ ವಸ್ತುಗಳ ಕಥೆಯೂ ಈ ಮೂರರಿಂದಲೇ ಶುರುವಾಗುತ್ತದೆ.

ಇಂದಿನ ಮಾತು ವಿಪರೀತ ಬಿಸಿಯಲ್ಲೂ ವಿದ್ಯುತ್ತನ್ನು ತಡೆಯಬಲ್ಲ ವಸ್ತುಗಳ ಬಗ್ಗೆ. ಇದರಲ್ಲೇನು ಕಷ್ಟ, ಸುಡದ, ಕರಗದ ಒಂದು ಕಲ್ಲನ್ನು ಇಟ್ಟರಾಯಿತು ಎಂದು ಯಾರಿಗಾದರೂ ಅನಿಸಬಹುದು. ತೊಡಕು ಇರುವುದು ಅಲ್ಲೇ. ಬೆಂಕಿಯನ್ನು ತಾಳುವುದು ಒಂದು ಗುಣ. ಬೆಂಕಿಯೊಳಗೆ ಇದ್ದುಕೊಂಡೇ ವಿದ್ಯುತ್ತನ್ನು ತಡೆಯುವುದು ಬೇರೆಯೇ ಗುಣ. ಮೊದಲನೆಯದು ಇರುವ ವಸ್ತುಗಳು ಬೇಕಾದಷ್ಟು ಸಿಗುತ್ತವೆ. ಎರಡೂ ಇರುವವು ಬೆರಳೆಣಿಕೆಯಷ್ಟೇ.

ಹೆಚ್ಚು ಬಿಸಿ ಎಂದರೆ ಎಷ್ಟು ಎಂಬುದನ್ನು ಮೊದಲು ನೋಡೋಣ. ನಾನು ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್ ಲೆಕ್ಕದವು. ಮನೆಯ ಗೋಡೆಯೊಳಗೆ ಓಡುವ ಸಾಮಾನ್ಯ ಪಿವಿಸಿ ತಂತಿಯ ಹೊದಿಕೆಗೆ 70 ಡಿಗ್ರಿಯೇ ಮಿತಿ. ತೋಟದ ಪಂಪಿನ ಮೋಟಾರಿಗೆ ಅಂಟಿಸಿದ ಫಲಕದಲ್ಲಿ ‘ಇನ್ಸುಲೇಷನ್ ಕ್ಲಾಸ್’ ಎಂದು ಒಂದು ಅಕ್ಷರ ಇರುತ್ತದೆ. ಬಿ ಎಂದಿದ್ದರೆ 130 ಡಿಗ್ರಿ, ಎಫ್ ಎಂದಿದ್ದರೆ 155, ಎಚ್ ಎಂದಿದ್ದರೆ 180. ಒಳಗಿನ ಎನಾಮಲ್ ತಂತಿ, ಕಾಗದ, ವಾರ್ನಿಷ್ ಎಲ್ಲ ಸೇರಿ ಅಷ್ಟು ಬಿಸಿಯನ್ನು ತಾಳಿಕೊಂಡು ಬಾಳುತ್ತವೆ ಎಂದು ಅದರ ಅರ್ಥ. ಆ ಮಿತಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಇನ್ಸುಲೇಷನ್ನಿನ ಆಯುಸ್ಸು ಅರ್ಧರ್ಧ ಆಗುತ್ತದೆ ಎಂಬ ಸ್ಥೂಲ ಲೆಕ್ಕವೊಂದಿದೆ. ಅಮೆರಿಕದ ಎಂಜಿನಿಯರ್ ಮಾಂಟ್‌ಸಿಂಗರ್ 1930ರಲ್ಲಿ ಹೇಳಿದ್ದು ಅದು. ವೈಂಡಿಂಗ್ ಅಂಗಡಿಗೆ ಬರುವ ಸುಟ್ಟ ಮೋಟಾರುಗಳನ್ನು ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ವಾರ್ನಿಷ್, ಪ್ಲಾಸ್ಟಿಕ್, ರಬ್ಬರ್ ಇವೆಲ್ಲ ಇಂಗಾಲದ ಸಂಯುಕ್ತಗಳು. ಪಾಲಿಇಮೈಡ್ ಎಂಬ ಜೇನುಬಣ್ಣದ ಹಾಳೆ, ಟೆಫ್ಲಾನ್, ಸಿಲಿಕೋನ್ ರಬ್ಬರ್ ಈ ಕುಲದಲ್ಲಿ ಗಟ್ಟಿಗರು. ಇನ್ನೂರು, ಇನ್ನೂರೈವತ್ತು ಡಿಗ್ರಿಯವರೆಗೆ ಬರುತ್ತವೆ. ಅಲ್ಲಿಂದಾಚೆ ದೀರ್ಘಕಾಲ ನಿಲ್ಲಬೇಕೆಂದರೆ ಅವೂ ಸೋಲುತ್ತವೆ. ಇಸ್ತ್ರಿಪೆಟ್ಟಿಗೆಯ ಒಳಗಿನ ಪಟ್ಟಿ, ಸ್ಕೂಟರ್ ಎಂಜಿನ್ನಿನ ಪ್ಲಗ್ಗು, ಉಕ್ಕಿನ ಕುಲುಮೆ, ಜೆಟ್ ಎಂಜಿನ್ನಿನ ಬಾಲ ಇಲ್ಲೆಲ್ಲ ಮತ್ತೆ ಕಲ್ಲು, ಮಣ್ಣುಗಳ ಬಳಿಗೇ ಹೋಗಬೇಕು.

ಮಣ್ಣಿನಲ್ಲಿ ಮೊದಲು ಪಿಂಗಾಣಿ. ಕೋಟೆಯ ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಲಕ್ಷಾಂತರ ವರ್ಷ ಮಳೆ ನೀರಿಗೆ ಸವೆದು, ಕೊಳೆತು, ಬಿಳಿ ಜೇಡಿಮಣ್ಣಾಗುತ್ತದೆ. ಈ ಜೇಡಿಗೆ ಒಂದಿಷ್ಟು ಹೊಸ ಫೆಲ್ಡ್‌ಸ್ಪಾರ್ ಪುಡಿ, ಒಂದಿಷ್ಟು ಬೆಣಚಿನ ಪುಡಿ ಬೆರೆಸಿ, ಅಚ್ಚು ಹಾಕಿ, ಸುಮಾರು 1,300 ಡಿಗ್ರಿಯಲ್ಲಿ ಸುಟ್ಟರೆ ಪಿಂಗಾಣಿ ಸಿದ್ಧ. ವಿದ್ಯುತ್ ಕಂಬದ ಮೇಲಿನ ತಟ್ಟೆ, ಬಟ್ಟಲುಗಳೆಲ್ಲ ಹೀಗೆ ಹುಟ್ಟಿದವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ, 35,000 ವೋಲ್ಟಿನಲ್ಲಿ ವಿದ್ಯುತ್ ಹರಿಯಿತು. ಆಗ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಮೂರು ವರ್ಷದ ಮೇಲೆ, 1905ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಮಾರ್ಗಗಳು ಹಬ್ಬಿದಂತೆ ಪಿಂಗಾಣಿಯ ಬೇಡಿಕೆ ಏರಿತು. 1930ರ ದಶಕದಲ್ಲಿ ಮೈಸೂರು ಸರ್ಕಾರ ಮಲ್ಲೇಶ್ವರದ ಪಕ್ಕ, ಟಾಟಾ ಇನ್‌ಸ್ಟಿಟ್ಯೂಟಿನ ಹತ್ತಿರ, ತನ್ನದೇ ಪಿಂಗಾಣಿ ಕಾರ್ಖಾನೆ ತೆರೆಯಿತು. ಅದೇ ಮುಂದೆ ಬಿಎಚ್‌ಇಎಲ್‌ನ ಎಲೆಕ್ಟ್ರೋಪೋರ್ಸಲೀನ್ಸ್ ವಿಭಾಗವಾಯಿತು.

ಮಳೆ, ಬಿಸಿಲು, ಗಾಳಿಗೆ ಎದೆಯೊಡ್ಡಿ ಲಕ್ಷಾಂತರ ವೋಲ್ಟನ್ನು ತಡೆಯುವ ಈ ಪಿಂಗಾಣಿ ಹುಟ್ಟಿದ್ದು 1,300 ಡಿಗ್ರಿಯ ಬೆಂಕಿಯಲ್ಲಿ. ಅದೇ ಪಿಂಗಾಣಿಯನ್ನು ಮತ್ತೆ 300, 400 ಡಿಗ್ರಿಗೆ ಕಾಯಿಸಿದರೆ ಏನಾಗುತ್ತದೆ? ಆಕಾರ ಕೆಡುವುದಿಲ್ಲ, ಬಿರುಕು ಬಿಡುವುದಿಲ್ಲ, ಕೆಂಪಗಾಗುವುದೂ ಇಲ್ಲ. ವಿದ್ಯುತ್ತು ಮಾತ್ರ ಒಳಗೆ ನುಸುಳತೊಡಗುತ್ತದೆ.

ಇದನ್ನು ಅಳೆಯಲು ಎಂಜಿನಿಯರುಗಳು ಒಂದು ಗುರುತು ಇಟ್ಟುಕೊಂಡಿದ್ದಾರೆ. ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಸೆಂಟಿಮೀಟರ್ ಇರುವ ತುಂಡೊಂದನ್ನು ಕಾಯಿಸುತ್ತ ಹೋಗುವುದು. ಅದರ ರೋಧ ಹತ್ತು ಲಕ್ಷ ಓಮ್‌ಗೆ ಇಳಿಯುವ ಉಷ್ಣತೆ ಯಾವುದೋ ಅದನ್ನು ಬರೆದುಕೊಳ್ಳುವುದು. ತಣ್ಣಗಿದ್ದಾಗ ಅದೇ ತುಂಡಿನ ರೋಧ ಇದರ ಲಕ್ಷಾಂತರ ಪಟ್ಟು ಇರುತ್ತದೆ. ಸಾಮಾನ್ಯ ವಿದ್ಯುತ್ ಪಿಂಗಾಣಿ ಈ ಗುರುತಿಗೆ ಬರುವುದು 300–400 ಡಿಗ್ರಿಯ ಆಸುಪಾಸಿನಲ್ಲಿ. ಕರಗುವ ಬಿಂದು ಇನ್ನೂ ನೂರಾರು ಡಿಗ್ರಿ ದೂರ ಇರುವಾಗಲೇ ಕಾವಲು ಸಡಿಲವಾಗಿರುತ್ತದೆ.

ಕಾರಣ ಫೆಲ್ಡ್‌ಸ್ಪಾರಿನಲ್ಲಿದೆ. ಅದರಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಇದೆ. ಇವು ಕ್ಷಾರ ಲೋಹಗಳು. ಪಿಂಗಾಣಿಯನ್ನು ಸುಡುವಾಗ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ, ಉಳಿದ ಕಾಳುಗಳನ್ನೆಲ್ಲ ಹಿಡಿದು ಕಟ್ಟುತ್ತದೆ. ಆ ಗಾಜಿನೊಳಗೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಸಿಕ್ಕಿಹಾಕಿಕೊಂಡಿರುತ್ತವೆ. ಹೆಪ್ಪುಗಟ್ಟಿದ ತುಪ್ಪದಲ್ಲಿ ಹೂತ ಏಲಕ್ಕಿ ಕಾಳು ಅಲುಗದೆ ಕೂತಿದ್ದು, ತುಪ್ಪ ಬೆಚ್ಚಗಾದೊಡನೆ ಸರಿದಾಡುವುದನ್ನು ನೋಡಿದ್ದೀರಲ್ಲ, ಅದೇ ಬಗೆ. ಚಳಿಯಲ್ಲಿ ಅಯಾನುಗಳು ಕೂತಲ್ಲೇ ಕೂತಿರುತ್ತವೆ. ಗಾಜು ಬಿಸಿಯಾದಂತೆ ಅವು ಒಂದು ಗೂಡಿನಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ವಿದ್ಯುದಂಶ ಹೊತ್ತ ಕಣಗಳು ಹೀಗೆ ಸರಿದರೆ ಅದೇ ವಿದ್ಯುತ್ ಪ್ರವಾಹ. ಸೀಸೆಯ ಗಾಜಿನಲ್ಲಿ ಸೋಡಿಯಂ ಇನ್ನೂ ಹೆಚ್ಚು. ಬರ್ನರ್ ಮೇಲೆ ಕೆಂಪಗೆ ಕಾದ ಗಾಜಿನ ಕಡ್ಡಿಯ ಮೂಲಕ ವಿದ್ಯುತ್ ಹರಿಸಿ ಬಲ್ಬು ಬೆಳಗಿಸುವ ಪ್ರಯೋಗವನ್ನು ಕಾಲೇಜು ಪ್ರಯೋಗಾಲಯಗಳಲ್ಲಿ ಅಧ್ಯಾಪಕರು ತೋರಿಸುವುದುಂಟು. ತಣ್ಣಗಿದ್ದಾಗ ಅವಾಹಕ, ಕೆಂಪಗಾದಾಗ ವಾಹಕ. ಮನೆಯಲ್ಲಿ ಮಾತ್ರ ಇದನ್ನು ಮಾಡಬೇಡಿ.

ಈ ಗುಣವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದರು. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1897ರಲ್ಲಿ ಒಂದು ದೀಪ ಕಂಡುಹಿಡಿದ. ಅದರಲ್ಲಿ ಉರಿಯುತ್ತಿದ್ದುದು ಲೋಹದ ತಂತಿಯಲ್ಲ, ಜಿರ್ಕೋನಿಯಾ ಮುಂತಾದ ಆಕ್ಸೈಡುಗಳ ಸಣ್ಣ ಬಿಳಿ ಕಡ್ಡಿ. ತಣ್ಣಗಿದ್ದಾಗ ಅದು ವಿದ್ಯುತ್ತನ್ನು ಬಿಡುತ್ತಿರಲಿಲ್ಲ. ಆದ್ದರಿಂದ ಹೊರಗಿನಿಂದ ಮೊದಲು ಕಾಯಿಸಬೇಕಿತ್ತು. ಕಾದ ಮೇಲೆ ತಾನೇ ವಿದ್ಯುತ್ ಹರಿಸಿಕೊಂಡು ಬೆಳ್ಳಗೆ ಬೆಳಗುತ್ತಿತ್ತು. ಆ ದೀಪದ ಹಕ್ಕನ್ನು ಕೊಂಡದ್ದು ಬರ್ಲಿನ್ನಿನ ಎಇಜಿ ಕಂಪನಿ. ಬೈಯಪ್ಪನಹಳ್ಳಿಯ ನಮ್ಮ ಎನ್‌ಜಿಇಎಫ್ ಕಾರ್ಖಾನೆಗೆ ಮೋಟಾರು, ಟ್ರಾನ್ಸ್‌ಫಾರ್ಮರುಗಳ ತಂತ್ರಜ್ಞಾನ ಬಂದದ್ದೂ ಇದೇ ಎಇಜಿಯಿಂದ. ಜಿರ್ಕೋನಿಯಾ ಕರಗುವುದು ಸುಮಾರು 2,700 ಡಿಗ್ರಿಯಲ್ಲಿ. ಅಷ್ಟು ಬೆಂಕಿ ತಾಳುವ ವಸ್ತು ಸಾವಿರ ಡಿಗ್ರಿಯಲ್ಲೇ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಕರಗುವ ಬಿಂದುವನ್ನು ನಂಬಿ ಇನ್ಸುಲೇಟರ್ ಆರಿಸುವವರು ಇದನ್ನು ನೆನಪಿಡಬೇಕು.

ಹಾಗಾದರೆ ಉಪಾಯವೇನು? ಕ್ಷಾರವನ್ನು ಹೊರಗೆ ಹಾಕುವುದು. ಫೆಲ್ಡ್‌ಸ್ಪಾರಿನ ಬದಲು ಬಳಪದ ಕಲ್ಲಿನ ಕುಲದ ಟಾಲ್ಕ್ ಪುಡಿಯನ್ನು ಆಧಾರವಾಗಿಟ್ಟುಕೊಂಡರೆ ಸ್ಟಿಯಟೈಟ್ ಎಂಬ ಸಿರಾಮಿಕ್ ಬರುತ್ತದೆ. ಹೀಟರುಗಳ ತಂತಿಗೆ ಪೋಣಿಸುವ ಬಿಳಿಯ ಮಣಿಗಳು ಬಹುಮಟ್ಟಿಗೆ ಇದರವೇ. ಇನ್ನೂ ಮೇಲಕ್ಕೆ ಹೋಗಬೇಕೆಂದರೆ ಅಲ್ಯುಮಿನಾ. ಮಾಣಿಕ್ಯ, ನೀಲಗಳ ಮೈಯೂ ರಸಾಯನದ ಲೆಕ್ಕದಲ್ಲಿ ಅಲ್ಯುಮಿನಾವೇ. ಬಣ್ಣ ಕೊಡುವ ಚಿಟಿಕೆ ಕಲಬೆರಕೆಯಷ್ಟೇ ಬೇರೆ. ಕರಗುವುದು 2,050 ಡಿಗ್ರಿಯ ಸುಮಾರಿಗೆ. ಒಳ್ಳೆಯ ಅಲ್ಯುಮಿನಾ ಸಿರಾಮಿಕ್ ನಾನು ಹೇಳಿದ ಹತ್ತು ಲಕ್ಷ ಓಮ್‌ನ ಗುರುತಿಗೆ ಇಳಿಯುವುದು ಸುಮಾರು ಸಾವಿರ ಡಿಗ್ರಿಯಲ್ಲಿ. ಪಿಂಗಾಣಿಗಿಂತ ಆರು ನೂರು ಡಿಗ್ರಿಯಷ್ಟು ಮೇಲೆ.

ಇಲ್ಲೂ ಕ್ಷಾರ ಬೆನ್ನು ಬಿಡುವುದಿಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ತೆಗೆಯುವುದು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ. ಎಷ್ಟು ತೊಳೆದರೂ ಸೋಡಿಯಂನ ಅಂಶ ಒಂದಿಷ್ಟು ಉಳಿಯುತ್ತದೆ. ಅಲ್ಯುಮಿನಿಯಂ ಪಾತ್ರೆ ಮಾಡುವವರಿಗೆ ಅದರಿಂದ ಅಡ್ಡಿಯಿಲ್ಲ. ಇನ್ಸುಲೇಟರ್ ಮಾಡುವವರಿಗೆ ಅದು ಹಗೆ. ಹಾಗಾಗಿ ಸೋಡಾ ಅಂಶ ಇಳಿಸಿದ ಅಲ್ಯುಮಿನಾ ಎಂಬ ಬೇರೆಯೇ ದರ್ಜೆ ಮಾರುಕಟ್ಟೆಯಲ್ಲಿದೆ. ನಮ್ಮ ಬೆಳಗಾವಿಯಲ್ಲಿರುವ ಹಿಂಡಾಲ್ಕೊ ಘಟಕ ಸಿರಾಮಿಕ್ ಮುಂತಾದ ಕೆಲಸಗಳಿಗೆ ಬೇಕಾದ ವಿಶೇಷ ಅಲ್ಯುಮಿನಾಗಳಿಗೆ ಹೆಸರಾಗಿದೆ.

ಈ ಅಲ್ಯುಮಿನಾವನ್ನು ಎಲ್ಲರೂ ನೋಡಿದ್ದೀರಿ. ಸ್ಕೂಟರು, ಬೈಕು, ಕಾರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಕತ್ತು ಅದೇ. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1950ರ ದಶಕದಲ್ಲಿ ಶುರುವಾದಾಗ ಸ್ಪಾರ್ಕ್ ಪ್ಲಗ್ಗು ಅದರ ಮೊದಮೊದಲ ಸರಕುಗಳಲ್ಲಿ ಒಂದು. ಒಂದು ಪ್ಲಗ್ಗಿನ ಪಾಡು ನೋಡಿ. ಒಳಗಿನ ಅನಿಲ ಕ್ಷಣಮಾತ್ರ ಎರಡು ಸಾವಿರ ಡಿಗ್ರಿ ದಾಟುತ್ತದೆ, ಮರುಕ್ಷಣ ತಣ್ಣನೆಯ ಪೆಟ್ರೋಲ್ ಗಾಳಿ ನುಗ್ಗುತ್ತದೆ. ಸಿರಾಮಿಕ್ಕಿನ ಮೂತಿ 500ರಿಂದ 850 ಡಿಗ್ರಿಯ ನಡುವೆ ಇರಬೇಕು. ಅದಕ್ಕಿಂತ ತಣ್ಣಗಾದರೆ ಮಸಿ ಕೂರುತ್ತದೆ, ಬಿಸಿಯಾದರೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಇಷ್ಟರ ನಡುವೆ ಅದು 20,000 ವೋಲ್ಟನ್ನು ತಡೆದುಕೊಂಡು, ಕಿಡಿ ತುದಿಯಲ್ಲೇ ಹಾರುವಂತೆ ನೋಡಿಕೊಳ್ಳಬೇಕು. ಮೊದಲ ಕಾಲದ ಪ್ಲಗ್ಗುಗಳಲ್ಲಿ ಪಿಂಗಾಣಿಯನ್ನೂ ಮೈಕಾವನ್ನೂ ಹಾಕಿ ನೋಡಿದ್ದರು. 1930ರ ದಶಕದ ನಂತರ ಅಲ್ಯುಮಿನಾ ಬಂದು ಅವೆರಡನ್ನೂ ಹಿಂದಿಕ್ಕಿತು.

ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಪ್ಲಗ್ಗು ಬಿಚ್ಚಿ, ‘ಕಪ್ಪಾಗಿದೆ ಸಾರ್’ ಎಂದು ಉಜ್ಜುತ್ತಾನೆ. ಅಲ್ಯುಮಿನಾಕ್ಕೆ ಅಲ್ಲಿ ಏನೂ ಆಗಿಲ್ಲ. ಅದರ ಮೈಮೇಲೆ ಕೂತ ಮಸಿ ಇಂಗಾಲ, ಇಂಗಾಲ ವಿದ್ಯುತ್ ವಾಹಕ. ವಿದ್ಯುತ್ತು ಸಿರಾಮಿಕ್ಕನ್ನು ಮುಟ್ಟದೆ ಅದರ ಚರ್ಮದ ಮೇಲಿಂದಲೇ ಹರಿದು ಹೋಗುತ್ತದೆ. ಇನ್ಸುಲೇಟರಿನ ಒಡಲು ಎಷ್ಟು ಗಟ್ಟಿಯಿದ್ದರೂ ಮೇಲ್ಮೈ ಕೆಟ್ಟರೆ ಕೆಲಸ ಕೆಟ್ಟಂತೆ. ಪ್ಲಗ್ಗಿನ ಕತ್ತಿಗೆ ಬಳೆಬಳೆಯಾಗಿ ಏಣು ಕೊಟ್ಟಿರುವುದು, ಕಂಬದ ಪಿಂಗಾಣಿಗೆ ತಟ್ಟೆಗಳನ್ನು ಕೊಟ್ಟಿರುವುದು ಈ ಮೇಲ್ಮೈ ದಾರಿಯನ್ನು ಉದ್ದ ಮಾಡುವುದಕ್ಕೇ.

ಇನ್ನು ಸ್ನಾನದ ಮನೆಗೆ ಬನ್ನಿ. ಗೀಸರಿನ ಎಲಿಮೆಂಟು, ಬಕೆಟ್ಟಿಗೆ ಇಳಿಬಿಡುವ ರಾಡು ಇವೆರಡರ ಒಳರಚನೆ ಒಂದೇ. ಹೊರಗೆ ಲೋಹದ ಕೊಳವೆ, ನಡುವೆ ನೈಕ್ರೋಮ್ ತಂತಿಯ ಸುರುಳಿ. ತಂತಿಯಲ್ಲಿ 230 ವೋಲ್ಟ್, ಕೊಳವೆಯ ಹೊರಗೆ ನಾವು ಮುಟ್ಟುವ ನೀರು. ಎರಡರ ನಡುವೆ ಇರುವುದು ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿ. ಈ ಪುಡಿಯಿಂದ ಬಯಸುವ ಕೆಲಸ ವಿಚಿತ್ರ. ಬಿಸಿಯನ್ನು ಬೇಗ ಹೊರಗೆ ದಾಟಿಸಬೇಕು, ವಿದ್ಯುತ್ತನ್ನು ಒಂದಿಷ್ಟೂ ದಾಟಿಸಬಾರದು. ಲೋಹಗಳಲ್ಲಿ ಇವೆರಡನ್ನೂ ಹೊರುವುದು ಎಲೆಕ್ಟ್ರಾನುಗಳೇ, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಲಾಗದು. ಮೆಗ್ನೀಷಿಯಂ ಆಕ್ಸೈಡಿನಲ್ಲಿ ಹಾಗಲ್ಲ. ಅಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ಪರಮಾಣುಗಳಿಗೆ ಬಿಗಿಯಾಗಿ ಅಂಟಿಕೊಂಡಿವೆ. ಬಿಸಿ ಮಾತ್ರ ಹರಳಿನ ಕಂಪನವಾಗಿ ಸಾಗುತ್ತದೆ. ಕರಗುವುದು ಸುಮಾರು 2,800 ಡಿಗ್ರಿಯಲ್ಲಿ. ಪುಡಿ ತುಂಬಿದ ಮೇಲೆ ಕೊಳವೆಯನ್ನು ಉರುಳೆಗಳ ನಡುವೆ ಅದುಮಿ ಸಣ್ಣದು ಮಾಡುತ್ತಾರೆ. ಆಗ ಪುಡಿಯ ನಡುವಿನ ಗಾಳಿಯೆಲ್ಲ ಹೊರಬಂದು ಅದು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಹೀಗಾಗಿಯೇ ಎಲಿಮೆಂಟನ್ನು ಎಂಟರ ಆಕಾರಕ್ಕೆ ಬಗ್ಗಿಸಿದರೂ ಒಳಗಿನ ತಂತಿ ಕೊಳವೆಗೆ ತಾಗುವುದಿಲ್ಲ.

ಮೆಗ್ನೀಷಿಯಂ ಆಕ್ಸೈಡಿಗೆ ಒಂದು ಚಟ ಇದೆ, ಗಾಳಿಯ ತೇವವನ್ನು ಹೀರುವುದು. ಅದಕ್ಕೇ ಎಲಿಮೆಂಟಿನ ತುದಿಗಳಿಗೆ ಸಿಲಿಕೋನ್ ಅಥವಾ ಎಪಾಕ್ಸಿ ಮುದ್ರೆ ಹಾಕಿರುತ್ತಾರೆ. ಮುದ್ರೆ ಬಿರುಕು ಬಿಟ್ಟಿದ್ದು, ಗೀಸರ್ ಬಹಳ ದಿನ ಬಳಸದೆ ಬಿದ್ದಿದ್ದು, ಮಳೆಗಾಲವೂ ಆದರೆ, ಸ್ವಿಚ್ ಹಾಕಿದೊಡನೆ, ಸೋರಿಕೆ ಕಂಡರೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಎರಡು ಸಾವಿರದ ಎಂಟುನೂರು ಡಿಗ್ರಿಗೆ ಬಗ್ಗದ ವಸ್ತು ಜುಲೈ ತಿಂಗಳ ತೇವಕ್ಕೆ ಬಗ್ಗುತ್ತದೆ. ಶುದ್ಧ ವಸ್ತು ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ, ಅದರ ತುದಿಗಳನ್ನು ಕಾಪಾಡಿದಾಗ ಉಳಿದರ್ಧ.

ಕೋಟೆಯ ಕಲ್ಲಿನ ಮೂರನೆಯ ಖನಿಜ ಕಾಗೆಬಂಗಾರ ಉಳಿಯಿತು. ಅಲ್ಲಿ ಕಾಣುವ ಕಪ್ಪು ಮೈಕಾದಲ್ಲಿ ಕಬ್ಬಿಣದ ಅಂಶ ಇರುವುದರಿಂದ ವಿದ್ಯುತ್ ಕೆಲಸಕ್ಕೆ ಬಾರದು. ಬೇಕಾದದ್ದು ಪಾರದರ್ಶಕ ಮಸ್ಕೊವೈಟ್, ಇಲ್ಲವೇ ಜೇನುಬಣ್ಣದ ಫ್ಲೋಗೊಪೈಟ್. ಕೊಡರ್ಮಾ ಮತ್ತು ನೆಲ್ಲೂರಿನ ಗಣಿಗಳಿಂದ ಭಾರತ ಒಂದು ಕಾಲಕ್ಕೆ ಜಗತ್ತಿಗೆಲ್ಲ ಹಾಳೆ ಮೈಕಾ ಒದಗಿಸುತ್ತಿತ್ತು. ಮೈಕಾದಲ್ಲೂ ಪೊಟ್ಯಾಸಿಯಂ ಇದೆಯಲ್ಲ, ಅದು ಹೇಗೆ ತಡೆದೀತು ಎಂದು ಜಾಣ ಕೇಳುಗರು ಕೇಳಬಹುದು. ಅಲ್ಲಿ ಪೊಟ್ಯಾಸಿಯಂ ಎರಡು ಪದರಗಳ ನಡುವೆ ಸೆರೆಯಾಗಿದೆ, ಪದರ ದಾಟಿ ಅಡ್ಡಕ್ಕೆ ಹೋಗಲು ಅದಕ್ಕೆ ದಾರಿಯಿಲ್ಲ. ಹಾಳೆಯನ್ನು ವಿದ್ಯುತ್ತಿಗೆ ಅಡ್ಡವಾಗಿ ಹಿಡಿಯುವವರೆಗೆ ಅದು ಗಟ್ಟಿ ಕಾವಲು. ಮಸ್ಕೊವೈಟ್ ಸುಮಾರು 550 ಡಿಗ್ರಿಯವರೆಗೆ, ಫ್ಲೋಗೊಪೈಟ್ 800ರ ಸುಮಾರಿನವರೆಗೆ ದೀರ್ಘಕಾಲ ಬಾಳುತ್ತವೆ. ಅದನ್ನು ಮೀರಿದರೆ ಹರಳಿನೊಳಗೇ ಕೂಡಿಕೊಂಡಿದ್ದ ನೀರು ಕ್ರಮೇಣ ಹೊರಟು, ಹಾಳೆ ಉಬ್ಬಿ ಪುಡಿಯಾಗುತ್ತದೆ.

ಹಳೆಯ ಇಸ್ತ್ರಿಪೆಟ್ಟಿಗೆ ಬಿಚ್ಚಿದರೆ ಚಪ್ಪಟೆ ನೈಕ್ರೋಮ್ ಪಟ್ಟಿಯನ್ನು ಸುತ್ತಿಟ್ಟುಕೊಂಡ ಮೈಕಾ ಹಾಳೆ ಸಿಗುತ್ತಿತ್ತು. ಅದರ ಜೊತೆ ಕೆಲವದರಲ್ಲಿ ಆಸ್ಬೆಸ್ಟಾಸ್ ಹಾಳೆಯೂ ಇರುತ್ತಿತ್ತು. ಅದರ ನಾರು ಶ್ವಾಸಕೋಶಕ್ಕೆ ಅಪಾಯ. ಅಂಥ ಹಳೆಯ ಪೆಟ್ಟಿಗೆ ಕೈಗೆ ಸಿಕ್ಕರೆ ಉಜ್ಜುವುದು, ಊದುವುದು ಬೇಡ. ಮೈಕಾದ ಹೊಸ ಅವತಾರ ಬೆಂಕಿಯಲ್ಲೂ ಕೆಲಸ ಮಾಡುವ ಕೇಬಲ್. ವಿಮಾನ ನಿಲ್ದಾಣ, ಸುರಂಗ, ದೊಡ್ಡ ಆಸ್ಪತ್ರೆಗಳಲ್ಲಿ ಬೆಂಕಿ ಬಿದ್ದಾಗಲೂ ದೀಪ, ಪಂಪು, ಎಚ್ಚರಿಕೆ ಗಂಟೆ ನಡೆಯುತ್ತಿರಬೇಕು. ಅಂಥ ಕೇಬಲ್ಲುಗಳಲ್ಲಿ ತಾಮ್ರದ ತಂತಿಗೆ ಮೊದಲು ಮೈಕಾ ಪಟ್ಟಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಬೆಂಕಿಗೆ ಪ್ಲಾಸ್ಟಿಕ್ ಬೂದಿಯಾದರೂ ಮೈಕಾ ಕೆಲವು ಗಂಟೆಗಳ ಮಟ್ಟಿಗಾದರೂ ಉಳಿದು ತಾಮ್ರಕ್ಕೆ ತಾಮ್ರ ತಾಗದಂತೆ ಕಾಯುತ್ತದೆ. ಬ್ರಿಟಿಷ್ ಮಾನಕವೊಂದರ ಪ್ರಕಾರ ಇಂಥ ಕೇಬಲ್ಲು 950 ಡಿಗ್ರಿಯ ಜ್ವಾಲೆಯಲ್ಲಿ 3 ಗಂಟೆ ವಿದ್ಯುತ್ ಹೊತ್ತು ನಿಲ್ಲಬೇಕು.

ಬಾನುಲಿಗೂ ಈ ಕಾವಲಿನ ಋಣ ಇದೆ. ವಾಲ್ವ್ ರೇಡಿಯೊಗಳ ಕಾಲವನ್ನು ಬಲ್ಲವರಿಗೆ ಗಾಜಿನ ಬುರುಡೆಯೊಳಗೆ ಕಿತ್ತಳೆ ಬಣ್ಣಕ್ಕೆ ಕಾದ ಎಳೆ ನೆನಪಿರುತ್ತದೆ. ಆ ಟಂಗ್‌ಸ್ಟನ್ ಎಳೆ ಸಾವಿರ ಡಿಗ್ರಿ ದಾಟಿ ಕಾಯುತ್ತದೆ. ಅದರ ಸುತ್ತ ಕೂದಲೆಳೆಯಷ್ಟು ಅಂತರದಲ್ಲಿ ನಿಕ್ಕಲ್ಲಿನ ಸಣ್ಣ ಕೊಳವೆ, ಅದೇ ಕ್ಯಾಥೋಡ್. ಎಳೆಯಲ್ಲಿ ಹರಿಯುವ ವಿದ್ಯುತ್ತು ಕ್ಯಾಥೋಡಿಗೆ ಸೋರಬಾರದು. ಅದಕ್ಕೆ ಎಳೆಯ ಮೈಗೆ ಅಲ್ಯುಮಿನಾ ಲೇಪ. ಈ ತೆಳು ಲೇಪ ಸೋತರೆ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತಿತ್ತು. ಎಲ್ಲ ಭಾಗಗಳನ್ನು ಅಲುಗದಂತೆ ಹಿಡಿದಿದ್ದುದು ಮೇಲೊಂದು ಕೆಳಗೊಂದು ಮೈಕಾ ಬಿಲ್ಲೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ನಾವೆಲ್ಲ ಬಿಇಎಲ್ ಎನ್ನುವುದು, 1961ರ ಸುಮಾರಿಗೆ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ಇಂಥ ವಾಲ್ವುಗಳನ್ನು ತಯಾರಿಸತೊಡಗಿತು. 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳನ್ನು, 1967ರಲ್ಲಿ ಟ್ರಾನ್ಸ್‌ಮಿಟರಿನ ದೊಡ್ಡ ವಾಲ್ವುಗಳನ್ನು ಕೈಗೆತ್ತಿಕೊಂಡಿತು.

ಪ್ರಸಾರದ ದೊಡ್ಡ ವಾಲ್ವುಗಳಲ್ಲಿ ಗಾಜಿನ ಬುರುಡೆಗೂ ಕಷ್ಟ. ರೇಡಿಯೊ ಆವರ್ತನದ ವಿದ್ಯುತ್ತು ಗಾಜಿನೊಳಗಿನ ಅಯಾನುಗಳನ್ನು ಸೆಕೆಂಡಿಗೆ ಕೋಟ್ಯಂತರ ಸಲ ಅತ್ತಿತ್ತ ಎಳೆದಾಡುತ್ತದೆ, ಅದರಿಂದಲೇ ಗಾಜು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಹೆಚ್ಚು ಸೋರುತ್ತದೆ, ಸೋರಿದಷ್ಟೂ ಹೆಚ್ಚು ಬಿಸಿಯಾಗುತ್ತದೆ. ಈ ಸುಳಿಗೆ ಸಿಕ್ಕಿದ ಇನ್ಸುಲೇಟರ್ ಉಳಿಯುವುದಿಲ್ಲ. ಹಾಗಾಗಿ ಗಾಜನ್ನು ಬಿಟ್ಟು ಅಲ್ಯುಮಿನಾ ಬಳೆಗಳನ್ನು ಲೋಹಕ್ಕೆ ಬೆಸೆದು ವಾಲ್ವು ಕಟ್ಟತೊಡಗಿದರು. ಸಿರಾಮಿಕ್ಕಿಗೆ ನೇರ ಬೆಸುಗೆ ಹತ್ತುವುದಿಲ್ಲ. ಮಾಲಿಬ್ಡಿನಂ, ಮ್ಯಾಂಗನೀಸ್ ಪುಡಿಗಳ ಲೇಪ ಹಚ್ಚಿ ಸುಟ್ಟು, ಮೊದಲು ಅದರ ಅಂಚಿಗೆ ಲೋಹದ ಚರ್ಮ ತರಿಸಬೇಕು. ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ಪಕ್ಕದ ಬಯಲಿನಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳ ಆಂಟೆನಾ ಗೋಪುರಗಳಿವೆ. ಅಷ್ಟು ಶಕ್ತಿಯ ಪ್ರಸಾರ ಸಾಧ್ಯವಾದದ್ದು ಇಂಥ ವಾಲ್ವುಗಳಿಂದ.

ಯಲಹಂಕದಲ್ಲೇ ರೈಲ್ವೆಯ ಗಾಲಿ ಕಾರ್ಖಾನೆ ಇದೆ. 1984ರಿಂದ ಅಲ್ಲಿ ಹಳೆಯ ಉಕ್ಕಿನ ಗುಜರಿಯನ್ನು ವಿದ್ಯುತ್ ಆರ್ಕ್ ಕುಲುಮೆಯಲ್ಲಿ ಕರಗಿಸಿ ರೈಲು ಗಾಲಿ ಎರಕ ಹೊಯ್ಯುತ್ತಾರೆ. ಇಂಥ ಕುಲುಮೆಯ ಸೂರಿನಿಂದ ಮೂರು ಗ್ರಾಫೈಟ್ ಕಂಬಗಳು ಇಳಿಯುತ್ತವೆ. ಕಂಬದ ಸುತ್ತಲಿನ ಸಿರಾಮಿಕ್ ಸೂರು ಕುಲುಮೆಯ ಶಾಖವನ್ನೂ ತಾಳಬೇಕು, ಕಂಬದಿಂದ ಕಂಬಕ್ಕೆ ವಿದ್ಯುತ್ ಹಾರದಂತೆಯೂ ತಡೆಯಬೇಕು. ಅದಕ್ಕಿಂತ ನಾಜೂಕಾದ ಕೆಲಸ ಉಷ್ಣತೆ ಅಳೆಯುವುದು. ಉಕ್ಕಿನ ಕುಲುಮೆಗಳಲ್ಲಿ ಇದಕ್ಕೆ ಥರ್ಮೊಕಪಲ್ ಬಳಸುತ್ತಾರೆ. ಒಂದು ಪ್ಲಾಟಿನಂ ಎಳೆ, ಇನ್ನೊಂದು ಪ್ಲಾಟಿನಂ–ರೋಡಿಯಂ ಎಳೆ. ಎರಡೂ ತುದಿಯಲ್ಲಿ ಮಾತ್ರ ಕೂಡಿರಬೇಕು, ಬೇರೆಲ್ಲೂ ತಾಗಬಾರದು. 1,600 ಡಿಗ್ರಿಯಲ್ಲಿ ಈ ಜೋಡಿ ಕೊಡುವುದು ಸುಮಾರು 17 ಮಿಲಿವೋಲ್ಟ್ ಮಾತ್ರ. ಸ್ಪಾರ್ಕ್ ಪ್ಲಗ್ಗಿನಲ್ಲಿ ಇನ್ಸುಲೇಟರ್ ತಡೆಯಬೇಕಾದದ್ದು 20,000 ವೋಲ್ಟ್. ಇಲ್ಲಿ ಅದು ಕಾಯಬೇಕಾದದ್ದು ಒಂದು ವೋಲ್ಟಿನ ಅರವತ್ತನೆಯ ಒಂದು ಭಾಗ. ಅದರಲ್ಲಿ ಕಿಂಚಿತ್ತು ಸೋರಿದರೂ ಮಾಪಕ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ ಎರಕ ಹೊಯ್ದರೆ ಗಾಲಿಯಲ್ಲಿ ದೋಷ ಉಳಿಯುತ್ತದೆ. ಯಲಹಂಕ ವಾಯುನೆಲೆಯಿಂದ ಏರುವ ಜೆಟ್ ವಿಮಾನಗಳಿಗೂ ಇದೇ ಚಿಂತೆ. ಎಂಜಿನ್ನಿನಿಂದ ಹೊರಬರುವ ಅನಿಲದ ಬಿಸಿಯನ್ನು ಅಳೆಯುವ ಥರ್ಮೊಕಪಲ್ಲಿನ ಎಳೆಗಳ ನಡುವೆ ತುಂಬುವುದು ಗೀಸರಿನಲ್ಲಿ ನೋಡಿದ ಅದೇ ಮೆಗ್ನೀಷಿಯಂ ಆಕ್ಸೈಡ್. ಶುದ್ಧತೆಯಲ್ಲಿ ಮಾತ್ರ ಅದು ಮೇಲಿನ ದರ್ಜೆಯದು.

ಅಲ್ಯುಮಿನಾ, ಮೆಗ್ನೀಷಿಯಂ ಆಕ್ಸೈಡುಗಳನ್ನೂ ಮೀರಿದ ಬಿಸಿಗೆ ಬೋರಾನ್ ನೈಟ್ರೈಡ್, ಬೆರಿಲಿಯಾದಂಥವು ಇವೆ. ಬೋರಾನ್ ನೈಟ್ರೈಡ್ ನಿರ್ವಾತದಲ್ಲಿ ಅಥವಾ ಜಡ ಅನಿಲದಲ್ಲಿ ಮಾತ್ರ ತನ್ನ ಪೂರ್ತಿ ಬಲ ತೋರಿಸುತ್ತದೆ. ಗಾಳಿಯಲ್ಲಿ ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಆಮ್ಲಜನಕ ಅದನ್ನು ತಿನ್ನತೊಡಗುತ್ತದೆ. ಬೆರಿಲಿಯಾದ ದೂಳು ವಿಷ. ಇಂತಿಷ್ಟು ಡಿಗ್ರಿ ತಾಳುತ್ತದೆ ಎಂಬ ಒಂದೇ ಅಂಕಿಯಿಂದ ಯಾವ ವಸ್ತುವಿನ ಯೋಗ್ಯತೆಯೂ ತಿಳಿಯುವುದಿಲ್ಲ. ಯಾವ ಗಾಳಿಯಲ್ಲಿ, ಎಷ್ಟು ಹೊತ್ತು, ಎಷ್ಟು ವೋಲ್ಟಿಗೆ ಎಂಬುದನ್ನೂ ಕೇಳಬೇಕು.

ಕೇಳುಗರೇ, ಇದರಿಂದ ಮನೆಗೆ ಏನು ಉಪಯೋಗ ಎಂದರೆ, ಬಿಸಿ ಮಾಡುವ ಉಪಕರಣವನ್ನು ತಣ್ಣಗಿರುವಾಗ ಮಾತ್ರ ಪರೀಕ್ಷಿಸಿ ನಂಬಬೇಡಿ. ಎಲೆಕ್ಟ್ರಿಷಿಯನ್ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಟ್ಟು ‘ಸರಿಯಿದೆ’ ಎಂದ ಎಲಿಮೆಂಟು ಹತ್ತು ನಿಮಿಷ ಕಾದ ಮೇಲೆ ಸೋರಬಹುದು. ತೇವ ಹೀರಿದ ಎಲಿಮೆಂಟಾದರೆ ತಣ್ಣಗಿದ್ದಾಗಲೇ ಟ್ರಿಪ್ ಮಾಡಿಸುತ್ತದೆ. ಗೃಹೋಪಕರಣಗಳ ಭಾರತೀಯ ಮಾನಕ ಐಎಸ್ 302 ಇವೆರಡನ್ನೂ ಗಮನಿಸಿದೆ. ಉಪಕರಣ ಪೂರ್ತಿ ಕಾದು ಕೆಲಸ ಮಾಡುತ್ತಿರುವಾಗ ಒಮ್ಮೆ, ತೇವದ ಗಾಳಿಯಲ್ಲಿ ಇಟ್ಟು ತೆಗೆದ ಮೇಲೆ ಇನ್ನೊಮ್ಮೆ ಸೋರಿಕೆ ಅಳೆಯಬೇಕೆಂದು ಅದು ಹೇಳುತ್ತದೆ. ಇಸ್ತ್ರಿಪೆಟ್ಟಿಗೆ, ಗೀಸರ್, ನೀರಿನ ರಾಡುಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ ಮಾಡಿರುವುದರ ಹಿಂದೆ ಈ ಪರೀಕ್ಷೆ ಇದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಮುದ್ರೆಯಿಲ್ಲದ ರಾಡಿಗೆ ಅಂಥ ಪರೀಕ್ಷೆ ಆಗಿದೆಯೆಂದು ನಂಬಲು ಆಧಾರವಿಲ್ಲ.

ಹೀಟರಿನ ತುದಿಯಲ್ಲಿ ತಂತಿ ಸುಟ್ಟಾಗ ಅದಕ್ಕೆ ಪಿವಿಸಿ ಟೇಪು ಸುತ್ತಬೇಡಿ. ಆ ಟೇಪು ಅಲ್ಲಿನ ಬಿಸಿಗೆ ನಿಲ್ಲದು. ಗಾಜಿನ ನಾರಿನ ಸ್ಲೀವ್ ಅಥವಾ ಸಿರಾಮಿಕ್ ಕನೆಕ್ಟರ್ ಹಾಕಿಸಿ. ಗೀಸರಿನ ನೀರು ಮುಟ್ಟಿದಾಗ ಕೈ ಜುಮ್ಮೆಂದರೆ ಅಂದೇ ಬಳಕೆ ನಿಲ್ಲಿಸಿ. ರಾಡು ಬಕೆಟ್ಟಿನಲ್ಲಿರುವಾಗ ನೀರು ಮುಟ್ಟಿ ನೋಡುವ ಅಭ್ಯಾಸ ಬೇಡ, ಮೊದಲು ಪ್ಲಗ್ಗು ಕೀಳಿ. ಎಷ್ಟೇ ಒಳ್ಳೆಯ ಇನ್ಸುಲೇಟರ್ ಆದರೂ ಒಂದು ದಿನ ಸೋಲುತ್ತದೆ. ಅಂದು ಸೋರಿದ ವಿದ್ಯುತ್ತು ನಿಮ್ಮ ಮೈಯನ್ನು ಹುಡುಕದೆ ನೆಲಕ್ಕೆ ಹೋಗಲು ಸರಿಯಾದ ಅರ್ಥಿಂಗ್ ಬೇಕು, ಅದನ್ನು ಕಂಡೊಡನೆ ಕಡಿದುಹಾಕಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಎರಡೂ ಮನೆಯಲ್ಲಿ ಇವೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಆರ್‌ಸಿಸಿಬಿ ಮೇಲಿನ ಸಣ್ಣ ಟೆಸ್ಟ್ ಗುಂಡಿಯನ್ನು ಒತ್ತಿದರೆ ಅದು ಕೂಡಲೇ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಾಯಿಸಿ.